ಹೆಸರಲ್ಲಿ ಮಣ್ಣು, ಹೆಸರಲ್ಲಿ ನೀರು

ಝು ರೋಂಗ್‌ಜಿ 1998ರಲ್ಲಿ ಚೀನಾದ ಪ್ರಧಾನಿ ಆದಾಗ ಅವರ ಹೆಸರು ಟೈಪ್ ಮಾಡೋದೇ ಒಂದು ಕಷ್ಟ. ಕಂಪ್ಯೂಟರಿಗಾಗಿ 1980ರಲ್ಲಿ ಮಾಡಿದ ಪಟ್ಟಿಯಲ್ಲಿ 6,763 ಅಕ್ಷರಗಳಿದ್ದವು, ಅವರ 'ರೋಂಗ್' ಇರಲಿಲ್ಲ. ಆ ಅಕ್ಷರದ ಎಡಕ್ಕೆ ಲೋಹದ ಗುರುತು ಇದೆ. ಸಿಗದವರು ಅದೇ ಉಚ್ಚಾರದ ಇನ್ನೊಂದನ್ನು ಹಾಕ್ತಿದ್ರು. ಅದರ ಎಡಕ್ಕಿರೋದು ಬೆಂಕಿ!

ನಮಗೆ ಇದು ಕಾಗುಣಿತದ ತಪ್ಪು, ಅಷ್ಟೇ. ಅಲ್ಲಿ ಹಾಗಲ್ಲ. ಹುಟ್ಟಿದ ವರ್ಷ, ತಿಂಗಳು, ದಿನ, ಹೊತ್ತು, ಒಂದೊಂದಕ್ಕೂ ಎರಡೆರಡು ಅಕ್ಷರ, ಒಟ್ಟು ಎಂಟು. ಪ್ರತಿಯೊಂದಕ್ಕೂ ಒಂದು ತತ್ವ. ನಮ್ಮ ಪಂಚಭೂತ ಅಂದ್ಕೋಬೇಡಿ, ಗಾಳಿ ಆಕಾಶ ಇಲ್ಲ, ಮರ ಮತ್ತು ಲೋಹ ಇವೆ. ಎಂಟರಲ್ಲಿ ಯಾವುದು ಬಂದಿಲ್ಲವೋ ಅದನ್ನು ಹೆಸರಲ್ಲಿ ತುಂಬಿಸಿಕೊಡೋದು. ನಮ್ಮಲ್ಲಿ ನಕ್ಷತ್ರ ನೋಡಿದರೆ ಸಿಗೋದು ಬರೀ ಮೊದಲಕ್ಷರ, ಅರ್ಥ ಅಪ್ಪ-ಅಮ್ಮನ ಪಾಡು.

1368ರಲ್ಲಿ ಮಿಂಗ್ ವಂಶ ಕಟ್ಟಿದ ಝು ಯುವಾನ್‌ಝಾಂಗ್ ಜಾತಕದ ಗೊಡವೆಗೆ ಹೋಗದೆ, ಇಡೀ ತಲೆಮಾರಿಗೆ ಒಂದೇ ತತ್ವ ಅಂತ ಕಟ್ಟಳೆ ಮಾಡಿದ. ಮರದಿಂದ ಬೆಂಕಿ, ಬೆಂಕಿಯ ಬೂದಿಯಿಂದ ಮಣ್ಣು, ಮಣ್ಣಿಂದ ಲೋಹ, ಲೋಹದಿಂದ ನೀರು, ಮತ್ತೆ ಮರ. ಪಕ್ಕಾ ಲೂಪ್. ಮಗ ಝು ದಿ ಹೆಸರಲ್ಲಿ ಮರ, ಮೊಮ್ಮಗ ಗಾವ್‌ಚಿಗೆ ಬೆಂಕಿ, ಮರಿಮಗ ಝಾನ್‌ಜಿಗೆ ಮಣ್ಣು. ವಂಶ ಸಾವಿರಗಟ್ಟಲೆ ಬೆಳೆದಾಗ ಅಕ್ಷರಗಳೇ ಸಾಲದಾದವು, ಯಾರೂ ಬಳಸದವನ್ನು ಕೆದಕಿ ತಂದು ಇಟ್ಟರು. ಅಂಥ ಕೆಲವು ಅಕ್ಷರಗಳು ಇವತ್ತು ಚೀನೀ ಪೀರಿಯಾಡಿಕ್ ಟೇಬಲ್‌ನಲ್ಲಿವೆ. 1644ರಲ್ಲಿ ಬೀಜಿಂಗ್ ಬಿದ್ದಾಗ ದೊರೆಯಾಗಿದ್ದ ಯೌಜಿಯಾನ್ ಹೆಸರಲ್ಲಿ ಮತ್ತೆ ಮರದ ಸರದಿ. ಅರಮನೆ ಹಿಂದಿನ ಗುಡ್ಡದಲ್ಲಿ ಮರಕ್ಕೇ ನೇಣು ಹಾಕಿಕೊಂಡ ಅಂತಾರೆ.

ರಾಜರದ್ದು ಬಿಡಿ. ನನಗೆ ಕಾಡೋದು ಲೂ ಷುನ್ 1921ರಲ್ಲಿ ಬರೆದ 'ಹುಟ್ಟೂರು' ಕತೆಯ ರುನ್‌ಟು. ಅಧಿಕಮಾಸದಲ್ಲಿ ಹುಟ್ಟಿದವನು, ಎಂಟಕ್ಷರದಲ್ಲಿ ಮಣ್ಣಿಲ್ಲ. ಅಪ್ಪ ಅಧಿಕಕ್ಕೆ 'ರುನ್', ಮಣ್ಣಿಗೆ 'ಟು' ಸೇರಿಸಿ ಹೆಸರಿಟ್ಟ. ಬೇರೆಯವರ ಮನೆಯಲ್ಲಿ ಕೆಲಸ ಮಾಡೋ ಅಪ್ಪ ಮಗನಿಗೆ ಬೇರೇನು ಕೊಡೋಕಾಗ್ತಿತ್ತು? ಮಣ್ಣು ಹೆಸರಿಗೆ ಬಂತು, ಕೈಗೂ ಬಂತು. ಬರ, ತೆರಿಗೆ, ಸಿಪಾಯಿಗಳು, ಡಕಾಯಿತರು ಸೇರಿ ಅವನನ್ನು ಹಿಂಡಿಹಾಕಿದರು. ಇಪ್ಪತ್ತು ವರ್ಷ ದಾಟಿದ ಮೇಲೆ ಬಾಲ್ಯದ ಗೆಳೆಯ ಎದುರಿಗೆ ಬಂದರೆ, ರುನ್‌ಟು ಬಾಯಲ್ಲಿ ಬಂದ ಮೊದಲ ಮಾತು 'ಧಣಿ'.

ಜೊತೆಗೆ ಮಗನನ್ನೂ ಕರೆತಂದಿದ್ದ. ಆ ಹುಡುಗನ ಹೆಸರು ಷುಯಿಶೆಂಗ್. 'ಷುಯಿ' ಅಂದ್ರೆ ನೀರು.