ರಮಾಬಾಯಿ ನಗರ, 1997: ಪೊಲೀಸರ ಗುಂಡು ಯಾವಾಗ ನ್ಯಾಯ?



ನಮ್ಮ ಸಂಘದಾಗ ಸಂಜಿಗೆ ಕೂಡೋ ಹುಡುಗರಲ್ಲಿ ಪೊಲೀಸ್ ಭರ್ತಿಗೆ ತಯಾರಿ ಮಾಡೋರು ಭಾಳ ಮಂದಿ ಇದ್ದಾರ. ಬೆಳಿಗ್ಗೆ ಓಟ, ರಾತ್ರಿ ಓದು. ಈಚೆಗೆ ಅವರ ನಡುವೆ ಒಂದು ವಾದ ಎದ್ದಿತು. ಎಲ್ಲೋ ಎನ್‌ಕೌಂಟರ್ ಆದ ಸುದ್ದಿ ಮೊಬೈಲಿನಲ್ಲಿ ಬಂದಿತ್ತು. "ಛಲೋ ಆತು ಬಿಡ್ರಿ, ಕೋರ್ಟು ಕಚೇರಿ ಅಂತ ಯಾರು ಅಲೀತಾರ?" ಅಂದ ಒಬ್ಬ. ಅಲ್ಲೇ ಕೂತಿದ್ದ ಓಣಿಯ ಹಿರಿಯರು, "ತಮ್ಮಾ, ರಮಾಬಾಯಿ ನಗರ ಅಂದ್ರ ಏನು ಗೊತ್ತೈತಿ ನಿನಗ?" ಅಂತ ಕೇಳಿದರು. ಹುಡುಗನಿಗೆ ಗೊತ್ತಿರಲಿಲ್ಲ. ಅವನು ಹುಟ್ಟುವ ಮೊದಲಿನ ಮಾತು ಅದು. ಅದಕ್ಕೇ ಈ ಲೇಖನ.

ಮುಂಬೈಯ ಘಾಟ್‌ಕೋಪರ್‌ನಲ್ಲಿ, ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಪಕ್ಕದಲ್ಲಿ ಮಾತಾ ರಮಾಬಾಯಿ ಅಂಬೇಡ್ಕರ್ ನಗರ ಇದೆ. ಹೆಚ್ಚಾಗಿ ದಲಿತರೇ ಇರುವ ವಸತಿ. 1997ರ ಜುಲೈ 11ರ ಬೆಳಿಗ್ಗೆ ಜನ ಎದ್ದು ನೋಡಿದರೆ ಬಾಬಾಸಾಹೇಬರ ಪ್ರತಿಮೆಗೆ ಯಾರೋ ಚಪ್ಪಲಿ ಹಾರ ಹಾಕಿದ್ದರು. ನಮ್ಮ ಊರಿನಲ್ಲಿ ಹೀಗಾದರೆ ನಮ್ಮ ಹೊಟ್ಟೆಯಲ್ಲಿ ಎಂಥ ಬೆಂಕಿ ಏಳುತ್ತದೋ ಅಲ್ಲಿಯೂ ಅದೇ ಬೆಂಕಿ ಎದ್ದಿತು. ಜನ ಸೇರಿದರು, ಘೋಷಣೆ ಕೂಗಿದರು, ಹೈವೇ ತಡೆದರು.

ಸುಮಾರು ಏಳೂವರೆಗೆ ರಾಜ್ಯ ರಾಖೀವ ಪೊಲೀಸ್ ದಳದ, ಅಂದರೆ ಎಸ್‌ಆರ್‌ಪಿಯ ತುಕಡಿ ಬಂತು. ಅದರ ಮುಖ್ಯಸ್ಥ ಸಬ್ ಇನ್‌ಸ್ಪೆಕ್ಟರ್ ಮನೋಹರ ಕದಂ. ಬಂದ ಸ್ವಲ್ಪ ಹೊತ್ತಿಗೇ ಗುಂಡು ಹಾರಿತು. ಹತ್ತು ಜನ ಸತ್ತರು. ಗಾಯಗೊಂಡವರು ಇಪ್ಪತ್ತಕ್ಕೂ ಮೇಲೆ. ಹೆಚ್ಚಿನವರಿಗೆ ಗುಂಡು ಬಿದ್ದದ್ದು ಸೊಂಟದ ಮೇಲೆ. ನಾಲ್ಕು ದಿನದ ಮೇಲೆ, ಈ ದುಃಖ ತಾಳಲಾರದೆ, ಶಾಹೀರ ವಿಲಾಸ ಘೋಗರೆ ತಮ್ಮ ಜೀವ ತೆಗೆದುಕೊಂಡರು. ಆನಂದ ಪಟವರ್ಧನ್ ಅವರ 'ಜೈ ಭೀಮ್ ಕಾಮ್ರೇಡ್' ಸಾಕ್ಷ್ಯಚಿತ್ರ ಶುರುವಾಗುವುದು ಈ ಸಾವುಗಳಿಂದಲೇ.

ಪೊಲೀಸರ ಕಡೆಯ ಮಾತನ್ನೂ ಕೇಳೋಣ. ಹೈವೇ ಮೇಲೆ ಗ್ಯಾಸ್ ಟ್ಯಾಂಕರ್ ನಿಂತಿದ್ದವು, ಗುಂಪು ಅವಕ್ಕೆ ಬೆಂಕಿ ಹಚ್ಚಲು ಹೊರಟಿತ್ತು, ಹಚ್ಚಿದ್ದರೆ ಇಡೀ ಪ್ರದೇಶ ಸುಟ್ಟು ಹೋಗುತ್ತಿತ್ತು ಅಂತ ಅವರ ವಾದ. ಇದು ನಿಜವೇ ಆಗಿದ್ದರೆ ಹಗುರವಾಗಿ ತಳ್ಳಿಹಾಕುವ ಮಾತಲ್ಲ. ನೂರಾರು ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಗುಂಡು ಹಾರಿಸಬಹುದು ಅಂತ ನಾವೂ ಒಪ್ಪಬೇಕಾಗುತ್ತದೆ. ಆದರೆ ಅದು ನಿಜವಾಗಿತ್ತೇ?

ಸರ್ಕಾರ ಹೈಕೋರ್ಟಿನ ನ್ಯಾಯಮೂರ್ತಿ ಎಸ್.ಡಿ. ಗುಂಡೇವಾರ್ ಅವರ ಆಯೋಗ ನೇಮಿಸಿತು. ಅದರ ಮುಂದೆ ಬಸ್ತಿಯ ಜನ ಬಂದು ಸಾಕ್ಷಿ ಹೇಳಿದರು. 1998ರಲ್ಲಿ ವರದಿ ಬಂತು. ಟ್ಯಾಂಕರ್ ಕತೆಯನ್ನು ಆಯೋಗ ಒಪ್ಪಲಿಲ್ಲ. ಸರಿಯಾದ ಎಚ್ಚರಿಕೆ ಕೊಡದೆ, ಬೇರೆ ಉಪಾಯ ನೋಡದೆ ಹಾರಿಸಿದ ಈ ಗುಂಡು ಅನಗತ್ಯವಾಗಿತ್ತು, ಸಮರ್ಥನೀಯವಲ್ಲ ಅಂತ ಹೇಳಿತು. ಅವತ್ತು ಒಂದು ಬಸ್ಸು ಸುಟ್ಟದ್ದು ನಿಜ. ಆದರೆ ಅದು ಗುಂಡು ಹಾರಿದ ಮೇಲಿನ ಮಾತು. ಯಾವುದು ಮೊದಲು, ಯಾವುದು ಆಮೇಲೆ ಅನ್ನೋದರ ಮೇಲೇ ಇಡೀ ನ್ಯಾಯ ನಿಂತಿರುತ್ತದೆ.

ಈಗ ಕಾನೂನಿಗೆ ಬರೋಣ. ಗುಂಪು ಚದುರಿಸುವ ಕಾನೂನು ನಮಗೆ ಬ್ರಿಟಿಷರ ಕಾಲದಿಂದ ಬಂದದ್ದು. ನಮ್ಮ ಸೊಲ್ಲಾಪುರವೂ ಆ ಕಾಲದ ಗುಂಡು ಕಂಡ ಊರು. 1930ರ ಮೇ ತಿಂಗಳಲ್ಲಿ ಗಾಂಧೀಜಿಯ ಬಂಧನದ ಸುದ್ದಿಗೆ ಜನ ಬೀದಿಗಿಳಿದರು, ಗುಂಡು ಹಾರಿತು, ಪೊಲೀಸರೂ ಸತ್ತರು, ಮಾರ್ಷಲ್ ಲಾ ಬಂತು. ಪೊಲೀಸರ ಕೊಲೆಯ ಆರೋಪದ ಮೇಲೆ ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅವತ್ತು ಗುಂಡಿನ ಲೆಕ್ಕ ಕೇಳೋ ಹಕ್ಕು ಜನಕ್ಕೆ ಇರಲಿಲ್ಲ. ಬಾಬಾಸಾಹೇಬರ ಸಂವಿಧಾನ ಬಂದ ಮೇಲೆ 21ನೇ ವಿಧಿ ಆ ಹಕ್ಕು ಕೊಟ್ಟಿತು. ಕಾನೂನಿನ ಕ್ರಮ ಬಿಟ್ಟು ಯಾರ ಜೀವವನ್ನೂ ಸರ್ಕಾರ ತೆಗೆಯುವಂತಿಲ್ಲ.

1973ರ ದಂಡ ಪ್ರಕ್ರಿಯಾ ಸಂಹಿತೆಯ 129ನೇ ಕಲಂ ಪ್ರಕಾರ ಮೊದಲು ಚದುರಲು ಆದೇಶ ಕೊಡಬೇಕು. ಕೇಳದಿದ್ದರೆ ಮಾತ್ರ ಬಲ. ಆದೇಶ ಕೊಡುವವರು ಮ್ಯಾಜಿಸ್ಟ್ರೇಟ್ ಅಥವಾ ಠಾಣಾಧಿಕಾರಿ. ಠಾಣಾಧಿಕಾರಿ ಇಲ್ಲದಿದ್ದರೆ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗಿಲ್ಲದ ಅಧಿಕಾರಿ. ಆರೋಪಿಯನ್ನು ಹಿಡಿಯುವಾಗಲೂ, ಅವನ ಮೇಲೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಆರೋಪ ಇಲ್ಲದಿದ್ದರೆ, ಕೊಲ್ಲುವ ಹಕ್ಕು ಪೊಲೀಸರಿಗಿಲ್ಲ ಅಂತ 46ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆಯಲ್ಲೂ ಈ ಮಾತು ಉಳಿದಿವೆ. 1990ರಲ್ಲಿ ವಿಶ್ವಸಂಸ್ಥೆ ಒಪ್ಪಿದ ತತ್ವಗಳು ಇನ್ನೂ ಬಿಗಿ. ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ ಜೀವ ತೆಗೆಯುವ ಗುಂಡು.

ಎನ್‌ಕೌಂಟರ್ ವಿಷಯವೂ ಇದೇ. 1995ರಿಂದ 1997ರ ನಡುವೆ ಮುಂಬೈಯಲ್ಲಿ ಆದ ಎನ್‌ಕೌಂಟರ್‌ಗಳ ಮೇಲೆ ಪಿಯುಸಿಎಲ್ ಹಾಕಿದ ಕೇಸಿನಲ್ಲಿ 2014ರಲ್ಲಿ ಸುಪ್ರೀಂ ಕೋರ್ಟ್ 16 ನಿರ್ದೇಶನ ಕೊಟ್ಟಿತು. ಎಫ್‌ಐಆರ್ ಆಗಬೇಕು, ಸಿಐಡಿ ಅಥವಾ ಬೇರೆ ಠಾಣೆಯವರು ತನಿಖೆ ಮಾಡಬೇಕು, ಮ್ಯಾಜಿಸ್ಟ್ರೇಟ್ ವಿಚಾರಣೆ ಆಗಬೇಕು, ಘಟನೆ ಆದ ತಕ್ಷಣ ಬಡ್ತಿ ಶೌರ್ಯ ಪದಕ ಅಂತ ಕೊಡಬಾರದು. ಅಂದರೆ ಕೋರ್ಟು ಕಚೇರಿ ಯಾಕೆ ಅಂದ ಹುಡುಗನಿಗೆ ಉತ್ತರ ಅಲ್ಲೇ ಇದೆ.

ಕದಂಗೆ ಏನಾಯಿತು ಅಂತ ಕೇಳ್ತೀರಿ. ಹನ್ನೆರಡು ವರ್ಷದ ಮೇಲೆ, 2009ರ ಮೇ ತಿಂಗಳಲ್ಲಿ ಮುಂಬೈಯ ಸೆಷನ್ಸ್ ಕೋರ್ಟ್ ಅವನಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ಅಪೀಲು ಹೋದ ಮೇಲೆ ಹೈಕೋರ್ಟಿನಿಂದ ಜಾಮೀನು ಸಿಕ್ಕಿತು. ಹತ್ತು ಮನೆಗಳಿಗೆ ಸಿಕ್ಕ ನ್ಯಾಯ ಎಷ್ಟು ಅಂತ ನೀವೇ ತೂಗಿ ನೋಡ್ರಿ. ಆದರೆ ಅಷ್ಟಾದರೂ ಸಿಕ್ಕದ್ದು ಬಸ್ತಿಯ ಜನ ಬಿಡದೆ ಸಾಕ್ಷಿ ಹೇಳಿದ್ದಕ್ಕೆ.

ಭರ್ತಿಗೆ ಓಡುವ ತಮ್ಮಂದಿರೇ, ತಂಗಿಯರೇ, ನಿಮ್ಮಲ್ಲಿ ಯಾರಾದರೂ ನಾಳೆ ಎಸ್‌ಆರ್‌ಪಿ ಸೇರುತ್ತೀರಿ, ಯಾರಾದರೂ ಪಿಎಸ್‌ಐ ಆಗುತ್ತೀರಿ. ಆಗಲೇಬೇಕು, ಅದು ನಮ್ಮ ಹಕ್ಕಿನ ಕುರ್ಚಿ. ಒಂದಿನ ನಿಮ್ಮ ಮುಂದೆಯೂ ಸಿಟ್ಟಿಗೆದ್ದ ಗುಂಪು ನಿಲ್ಲುತ್ತದೆ, ಆದೇಶ ನಿಮ್ಮ ಬಾಯಿಂದಲೇ ಬರಬೇಕಾಗುತ್ತದೆ. ಅವತ್ತು ಮೂರು ಮಾತು ನೆನಪಿಡ್ರಿ. ಈ ಕ್ಷಣ ಯಾರ ಜೀವಕ್ಕೆ ಅಪಾಯ ಐತಿ? ಎಚ್ಚರಿಕೆ ಕೊಟ್ಟೆವಾ? ಬೇರೆ ದಾರಿ ಎಲ್ಲಾ ಮುಗಿದವಾ? ಗುಂಪಿನ ಸಿಟ್ಟು ಗುಂಡಿಗೆ ಕಾರಣ ಅಲ್ಲ. ಗುಂಪಿನ ಜಾತಿಯಂತೂ ಅಲ್ಲವೇ ಅಲ್ಲ.

ಸಮವಸ್ತ್ರ ಹಾಕದವರಿಗೂ ಒಂದು ಕೆಲಸ ಐತಿ. ಕಂಡದ್ದನ್ನು ಬರೆದಿಡುವುದು, ಕರೆದಾಗ ಹೋಗಿ ಸಾಕ್ಷಿ ಹೇಳುವುದು. ಬರುವ ಜುಲೈ 11ರ ಸಂಜೆ ಸಂಘದಲ್ಲಿ ಕೂಡೋಣ, ಆ ಹತ್ತು ಜನರಿಗೆ ಒಂದೊಂದು ಮೇಣಬತ್ತಿ ಹಚ್ಚೋಣ. ಎನ್‌ಕೌಂಟರ್ ಆದದ್ದು ಛಲೋ ಆತು ಅಂದ ಆ ಹುಡುಗನೇ ಮೊದಲನೆಯದನ್ನು ಹಚ್ಚಲಿ.

ಜೈ ಭೀಮ್.