ಕರಿ ಹರಿಯುವ ಎತ್ತು, ಬಂಡಿ ಓಟದ ಎತ್ತು

ಕಾರಹುಣ್ಣಿಮೆಯ ಸಂಜೆ ಕೊಪ್ಪಳ ಸೀಮೆಯಲ್ಲಿ ಕರಿ ಹರಿಯುತ್ತಾರೆ. ಅಗಸಿಯ ತೋರಣವನ್ನು ಬಿಳಿ ಎತ್ತು ಮೊದಲು ಹರಿದರೆ ಜೋಳ, ಹತ್ತಿಯಂಥ ಬಿಳಿ ಬೆಳೆ ಹುಲುಸು, ಕೆಂದೆತ್ತು ಹರಿದರೆ ಕೆಂಪು ಬೆಳೆಗೆ ಸುಗ್ಗಿ ಎಂಬುದು ರೈತರ ನಂಬಿಕೆ. ಅಂದು ಎತ್ತಿಗೆ ನೊಗವಿಲ್ಲ. ಮೈತೊಳೆದು, ಕೋಡಿಗೆ ಬಣ್ಣ ಬಳಿದು, ಹೋಳಿಗೆ ಉಣಿಸುತ್ತಾರೆ.

ಬಹುಮಾನದ ಬಂಡಿ ಓಟದ ಮಾತೇ ಬೇರೆ. ಅಲ್ಲಿ ಬಾರುಕೋಲಿಗೆ ಬಿಡುವಿಲ್ಲ. ಕೆಲವೆಡೆ ಮೊಳೆ ಚುಚ್ಚುವುದೂ ಉಂಟು. ಎತ್ತಿನ ದೇಹರಚನೆ ಕುದುರೆಯಂತೆ ಓಟಕ್ಕೆ ಹೇಳಿಸಿದ್ದಲ್ಲ ಎಂದ ಸುಪ್ರೀಂ ಕೋರ್ಟ್, 2014ರಲ್ಲಿ ಇಂಥ ಓಟಗಳನ್ನು ನಿಷೇಧಿಸಿತು. ಕಂಬಳ ಉಳಿಸಲೆಂದು ಕರ್ನಾಟಕ 2017ರಲ್ಲಿ ಕಾಯ್ದೆ ತಿದ್ದಿದಾಗ ಬಂಡಿ ಓಟಕ್ಕೂ ದಾರಿಯಾಯಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅನಗತ್ಯ ನೋವು ಕೊಡಬಾರದೆಂಬ ಷರತ್ತು ಕಾಯ್ದೆಯಲ್ಲೇ ಇದೆ. ಗೆದ್ದ ಜೋಡಿಗೆ ಗುಲಾಲು ಎರಚುವ ಗದ್ದಲದಲ್ಲಿ ಬೆನ್ನ ಬಾಸುಂಡೆ ನೋಡುವವರು ಕಡಿಮೆ.