ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆ

ಕುಡಿತ ಬಿಡಲು ಬಯಸುವವರು ಒಟ್ಟುಗೂಡಿ ಅನುಭವ ಹಂಚಿಕೊಳ್ಳುವ ಕೂಟ. ರೂಢಿಯಲ್ಲಿ ಎಎ ಸಭೆ. 1935ರಲ್ಲಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್‌ನಲ್ಲಿ ಬಿಲ್ ವಿಲ್ಸನ್ ಮತ್ತು ಶಸ್ತ್ರವೈದ್ಯ ಬಾಬ್ ಸ್ಮಿತ್ ಈ ಬಳಗವನ್ನು ಆರಂಭಿಸಿದರು. ಇಬ್ಬರೂ ಕುಡಿತದಿಂದ ನರಳಿದವರೇ. ಕುಡಿತದಿಂದ ಹೊರಬರಲು ಬಳಗ ತೋರಿಸುವ ‘ಹನ್ನೆರಡು ಹೆಜ್ಜೆಗಳು’ 1939ರಲ್ಲಿ ಅದರದೇ ಪುಸ್ತಕದಲ್ಲಿ ಅಚ್ಚಾದವು.

ಸದಸ್ಯರಾಗಲು ಕುಡಿತ ಬಿಡುವ ಇಚ್ಛೆಯೊಂದೇ ಸಾಕು. ಶುಲ್ಕವಿಲ್ಲ, ಖರ್ಚಿಗೆ ಸದಸ್ಯರೇ ಕಾಣಿಕೆ ಹಾಕುತ್ತಾರೆ. ಮುಕ್ತ ಸಭೆಗೆ ಮನೆಯವರೂ ಬರಬಹುದು. ಇನ್ನೊಂದು ಬಗೆಯದು ಕುಡಿತದ ಸಮಸ್ಯೆಯುಳ್ಳವರಿಗಷ್ಟೇ ಮೀಸಲು. ಮೊದಲ ಸಲ ಹೋದವರು ಮಾತಾಡಲೇಬೇಕೆಂದಿಲ್ಲ, ಹಿಂದೆ ಕೂತು ಕೇಳಿ ಬಂದರೂ ಆಯಿತು. ಒಬ್ಬರು ಹೇಳಿಕೊಳ್ಳುವಾಗ ನಡುವೆ ಬಾಯಿ ಹಾಕುವ, ಬುದ್ಧಿ ಹೇಳುವ ರೂಢಿ ಸಾಮಾನ್ಯವಾಗಿ ಇಲ್ಲ. ಮನೆಯಲ್ಲಿ ಬೈಗುಳ, ದೇವರ ಮುಂದೆ ಆಣೆ, ನೆಂಟರ ಉಪದೇಶ ಎಲ್ಲವನ್ನೂ ಕಂಡು ಸೋತವರಿಗೆ ಈ ಮೌನದ ಆಲಿಸುವಿಕೆಯೇ ದೊಡ್ಡ ಆಸರೆ. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದನ್ನು ನೋಡಬೇಕು; ಗುಂಪಿನಿಂದ ಗುಂಪಿಗೆ ಹದ ಬೇರೆ. ಹಳೆಯ ಸದಸ್ಯರೊಬ್ಬರು ‘ಸ್ಪಾನ್ಸರ್’ ಆಗಿ ಹೊಸಬರ ಜೊತೆ ನಿಲ್ಲುವುದುಂಟು.

ಸಭೆಯ ಸ್ಥಳ, ವೇಳೆ ಎಎ ಜಾಲತಾಣದಲ್ಲಿ ಸಿಗುತ್ತವೆ. ಆನ್‌ಲೈನ್ ಸಭೆಗಳೂ ಇವೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಸಭೆ ಚಿಕಿತ್ಸೆಗೆ ಬದಲಿಯಲ್ಲ: ದಿನವೂ ವಿಪರೀತ ಕುಡಿಯುತ್ತಿದ್ದವರು ದಿಢೀರನೆ ನಿಲ್ಲಿಸಿದರೆ ಫಿಟ್ಸ್, ಚಿತ್ತಭ್ರಮೆ ಬಂದು ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಾಣಬೇಕು; ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಕುಟುಂಬದವರಿಗಾಗಿ 1951ರಿಂದ ಅಲ್-ಅನಾನ್ ಎಂಬ ಪ್ರತ್ಯೇಕ ಬಳಗವಿದೆ.